ನಲವತ್ತೊಂದನೇ ಗೆರೆ

"ಇದ್ರಾಗೆ ನಾನ್ಯಾವ್ದು ಸಾರ್?"

ಸೇಲಂ ಆಸ್ಪತ್ರೆಯ ಲೆಕ್ಕದ ಕೋಣೆಯಲ್ಲಿ ರವಿಶಂಕರ್ ಕಂಪ್ಯೂಟರಿನಿಂದ ತಲೆ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಹೆಂಗಸು ಅವನನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಅವನ ಬೆನ್ನ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ಅಂಟಿಸಿದ್ದ ದೊಡ್ಡ ಹಾಳೆಯ ತುಂಬ ಗೆರೆಗಳು. ಎಲ್ಲವೂ ಎಡಗಡೆ ಮೇಲಿನಿಂದ ಶುರುವಾಗಿ ಬಲಗಡೆ ಕೆಳಕ್ಕೆ ಇಳಿಯುತ್ತಿದ್ದವು... ಕೆಲವು ನಿಧಾನವಾಗಿ, ಕೆಲವು ದಡಕ್ಕನೆ.

ಇದು ಹೊರಗಿನವರು ಬರುವ ಜಾಗವಲ್ಲ ಎಂದು ಅವನು ತಮಿಳಿನಲ್ಲಿ ಹೇಳಿದ. ಅವಳು ಕದಲಲಿಲ್ಲ. ಅವನು ಕಾರಿಡಾರಿನಲ್ಲಿ ಆಯಾ ಯಲ್ಲಮ್ಮನ ಜೊತೆ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡೇ ಅವಳು ಒಳಗೆ ಬಂದಿದ್ದಳು.

"ರಕ್ತ ನಂದು ತಾನೆ? ಗೆರೆ ಮಾತ್ರ ನಿಮ್ದಾ?"

ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ನಂಗೊಂದು ಎಣ್ಣು ಮಗು ಐತೆ. ನಾಕು ವರ್ಷ. ಅದ್ಕೆ ಈ ಕಾಯ್ಲೆ ಇಲ್ಲ ಅಂತ ನಿಮ್ಮೋರೇ ಏಳವ್ರೆ. ಅದು ತಾನಾಗಿ ಅನ್ನ ಬಸ್ಕೊಂಡು ತಿನ್ನೋ ಗಂಟ ನಾನಿರ್ತೀನಾ? ಅಷ್ಟು ಏಳಿ ಸಾಕು. ಇರ್ತೀನಿ ಅಂದ್ರೆ ನಾನೇ ಮಡಿಕ್ಕೊಳ್ತೀನಿ. ಇಲ್ಲ ಅಂದ್ರೆ ಅದರ ಅಜ್ಜಿಗೆ ಕೊಟ್ಬಿಡ್ಬೇಕು."

ಅವಳ ದನಿಯಲ್ಲಿ ಅಳು ಇರಲಿಲ್ಲ. ಅದೇ ಅವನನ್ನು ಹೆದರಿಸಿದ್ದು. ಯಾರ ಗೆರೆಯನ್ನೂ ಯಾರಿಗೂ ತೋರಿಸಕೂಡದು, ಹೆಸರು ಹಿಡಿದು ಕರೆಯಕೂಡದು, ನಂಬರಿನಲ್ಲೇ ಮಾತಾಡಬೇಕು... ಅಲ್ಲಿನ ಕಟ್ಟಳೆ ಅದು. ಹೇಳುವ ಹಾಗಿಲ್ಲಮ್ಮ ಎಂದುಬಿಟ್ಟ. ಅವಳು ಇನ್ನೊಮ್ಮೆ ಹಾಳೆಯನ್ನು ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟುಹೋದಳು.

ಅವಳ ಕೈಯಲ್ಲಿದ್ದ ಚೀಟಿಯ ನಂಬರು ಅವನ ಕಣ್ಣಿಗೆ ಬಿದ್ದಿತ್ತು. ನಲವತ್ತೊಂದು. ಹಾಳೆಯ ಕಡೆ ತಿರುಗಿ ಹುಡುಕಿದ. ಸಿಕ್ಕಿದ ಮೇಲೆ ಕುಳಿತಿರಲಾಗದೆ ಎದ್ದು ಓಡಿದ. ಆಸ್ಪತ್ರೆಯ ನಲ್ಲಿಯ ಹತ್ತಿರ ಅವಳು ಮುಖ ತೊಳೆಯುತ್ತಿದ್ದಳು.

"ನೀವು ಆ ಗೆರೆಗಳಲ್ಲಿ ಇಲ್ಲ. ಈಗ ಒಂದೇ ಸಲ ರಕ್ತ ಕೊಟ್ಟಿರೋದು, ಒಂದೇ ಚುಕ್ಕೆ ಐತೆ. ಒಂದು ಚುಕ್ಕೇಲಿ ಗೆರೆ ಎಳೆಯೋಕಾಗಲ್ಲ. ಇನ್ನೊಂದು ಸಲ ಬರ್ಬೇಕು."

ಅವಳು ಒದ್ದೆ ಮುಖದಲ್ಲೇ ನಕ್ಕಳು.

"ಸಾಯೋಕೂ ಎರಡೆರಡು ಸಲ ಬರ್ಬೇಕಾ?"

ಕಹಿ ನಗು ಅದು. ಆದರೂ ನಗು ನಗುವೇ! ಪಾಪ, ರವಿಶಂಕರ್ ಅಲ್ಲೇ ಕೆಟ್ಟ.

ಅವಳ ಹೆಸರು ರಾಜಾತಿ. ಗಂಡ ಮುನುಸ್ವಾಮಿ ಲಾರಿ ಓಡಿಸುತ್ತಿದ್ದವನು. ಬೆಂಗಳೂರು, ಸೇಲಂ, ಕೊಚ್ಚಿ ಎಂದು ತಿಂಗಳುಗಟ್ಟಲೆ ರಸ್ತೆಯ ಮೇಲೇ ಇದ್ದು, ತೊಂಬತ್ತೈದರಲ್ಲಿ ಕಡ್ಡಿಯಂತಾಗಿ ಸತ್ತ. ಸತ್ತದ್ದು ಯಾವುದರಿಂದ ಎಂದು ಅವಳಿಗೆ ತಿಳಿದದ್ದು ತನ್ನ ರಕ್ತ ಪರೀಕ್ಷೆಯಾದ ಮೇಲೆ. ಕಂಬೈನಲ್ಲೂರು ಹತ್ತಿರದ ಹಳ್ಳಿಯಲ್ಲಿದ್ದ ಅತ್ತೆ ದೊಡ್ಡಮುನಿಯಮ್ಮ, ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದಳು. ಮೊಮ್ಮಗಳು ಮಾತ್ರ ಬೇಕಾಗಿತ್ತು. ಮಗುವನ್ನು ಬಿಟ್ಟುಕೊಡು, ಆಮೇಲೆ ಈ ಕಡೆ ಮುಖ ಹಾಕಬೇಡ ಎಂಬುದು ಅವಳ ಮಾತು. ರಾಜಾತಿ ಮಗಳು ಜೀವಿತಾಳನ್ನು ಸೊಂಟಕ್ಕೆ ಹಾಕಿಕೊಂಡು ಪೆನ್ನಾಗರಂ ಕಡೆಯ ತವರೂರಿಗೆ ಬಂದಳು. ತೀರಿಹೋದ ಅಪ್ಪನ ಒಂದು ಕೋಣೆ ಅಲ್ಲಿತ್ತು. ಮಂಡಿಯವರ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುವ ಕೂಲಿ. ಕಾಯಿಲೆಯ ಸುದ್ದಿ ಊರಿಗೆ ಗೊತ್ತಾದರೆ ಅವಳು ಮುಟ್ಟಿದ ಹುಣಸೆಹಣ್ಣನ್ನು ಯಾರು ತಾನೇ ಕೊಂಡಾರು? ಸೇಲಂಗೆ ಹೋಗುವ ದಿನ, ಹಲ್ಲು ನೋವು ಎಂದು ಹೇಳಿ ಬಸ್ಸು ಹತ್ತುತ್ತಿದ್ದಳು.

ರವಿಶಂಕರ್ ಸೇಲಂನ ಗುಗೈ ಬೀದಿಯ ನೇಕಾರರ ಮಗ. ಮಗ್ಗ ಬಿಟ್ಟು ಕಾಲೇಜಿನಲ್ಲಿ ಲೆಕ್ಕ ಓದಿದವನು. ಮೈಯೊಳಗೆ ಕಾವಲು ಕಾಯುವ ಕಣಗಳಿರುತ್ತವಂತೆ. ಈ ಕಾಯಿಲೆ ಅವುಗಳನ್ನೇ ತಿನ್ನುತ್ತದಂತೆ. ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು ಮದ್ರಾಸಿನ ಲ್ಯಾಬಿಗೆ ಕಳಿಸಿದರೆ ಅವು ಎಷ್ಟು ಉಳಿದಿವೆ ಎಂದು ಕೌಂಟ್ ಬರುತ್ತದೆ. ಆ ಕೌಂಟುಗಳನ್ನು ಚುಕ್ಕೆ ಇಟ್ಟು, ಒಬ್ಬೊಬ್ಬರಿಗೂ ಗೆರೆ ಎಳೆದು, ಅಷ್ಟೂ ಜನರ ಗೆರೆಗಳಿಂದ ನಡುವಿನದೊಂದನ್ನು ಹುಡುಕುವುದು ಅವನ ಕೆಲಸ. ಪುಸ್ತಕಗಳಲ್ಲಿ ಇದ್ದದ್ದು ಫಾರಿನ್ ಜನರ ಗೆರೆ. ರಾಗಿ ಉಂಡು, ಬಿಸಿಲಲ್ಲಿ ದುಡಿದು, ಮಳೆಗೊಂದು ಬಿಸಿಲಿಗೊಂದು ಜ್ವರ ಬಂದು ಮಲಗುವ ಈ ಸೀಮೆಯವರು ಎಷ್ಟು ವರ್ಷ ತಡೆಯುತ್ತಾರೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಕಾಯಿಲೆಗೆ ಔಷಧಿ ಹೊರದೇಶದಲ್ಲಿ ಬಂದಿದೆಯೆಂದು ಕೇಳಿದ್ದರು, ಅಷ್ಟೇ. ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವವರ ಕೈಗೆ ಎಟುಕುವ ಬೆಲೆಯಲ್ಲ ಅದು.

ರಕ್ತ ಕೊಡುವ ದಿನ ಲೆಕ್ಕದವನಿಗೆ ಹೊರಗೆ ಕೆಲಸವಿಲ್ಲ. ಆದರೆ ಮುಂದಿನ ಸಲ ಅವಳು ಬಂದಾಗ ಪೆನ್ನು ಹುಡುಕುವ ನೆಪದಲ್ಲಿ ಅವನು ಕಾರಿಡಾರಿಗೆ ಬಂದ. ಅದರ ಮುಂದಿನ ಸಲ ಪೆನ್ನಿನ ನೆಪವೂ ಬೇಕಾಗಲಿಲ್ಲ. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕುಳಿತು ಮಗ್ಗದ ಸುದ್ದಿ ಹೇಳುತ್ತಿದ್ದ. ಹಾಸಿನ ಒಂದು ಎಳೆ ಕಡಿದರೂ ಅಪ್ಪ ಮಗ್ಗ ನಿಲ್ಲಿಸಿ, ಅದನ್ನು ಹುಡುಕಿ ಹೊಸೆದು ಸೇರಿಸಿಯೇ ಮುಂದಕ್ಕೆ ಹೋಗುತ್ತಿದ್ದರಂತೆ. ಅವಳು ಹುಣಸೆಬೀಜದ ಸುದ್ದಿ ಹೇಳುತ್ತಿದ್ದಳು. ಹೆಸರು ಹಿಡಿಯುವಂತಿಲ್ಲವಲ್ಲ, ಅವನು "ನಲವತ್ತೊಂದು ಬಂತಾ?" ಎಂದು ಕೇಳಿದರೆ ಅವಳು "ಬಂತು, ಇನ್ನೂ ಉಸಿರಾಡ್ತೈತೆ" ಎನ್ನುತ್ತಿದ್ದಳು. ಒಮ್ಮೆ ಜೀವಿತಾಳನ್ನೂ ಕರೆತಂದಾಗ, ಅವನು ಮನೆಯಿಂದ ಒಂದು ಹಳೆಯ ಲಾಳಿ ತಂದುಕೊಟ್ಟ. ಮಗು ಅದಕ್ಕೆ ದಾರ ಕಟ್ಟಿಸಿಕೊಂಡು ಗಾಡಿಯ ಹಾಗೆ ಎಳೆದುಕೊಂಡು ಊರಿಗೆ ಹೋಯಿತು.

ಸೇಲಂ ಬಸ್ಸಿಗೆ ಹೊರಡುವ ದಿನ ತಾನು ಒಳ್ಳೆಯ ಸೀರೆಯನ್ನೇ ಉಡುತ್ತಿದ್ದೇನೆ ಎಂಬುದು ರಾಜಾತಿಗೆ ಒಂದು ದಿನ ಹೊಳೆಯಿತು. ನಾಚಿಕೆಯಾಯಿತು. ಸಾಯೋಳಿಗೆ ಇದೆಲ್ಲಾ ಬೇಕಾ? ಅಂದುಕೊಂಡಳು. ಸೀರೆಯನ್ನು ಮಾತ್ರ ಬದಲಾಯಿಸಲಿಲ್ಲ.

ಆ ಸಲ ಬೆಂಚಿನಲ್ಲಿ ಅವಳು ಮೊದಲ ದಿನದ ಪ್ರಶ್ನೆಯನ್ನೇ ಬೇರೆ ಥರ ಕೇಳಿದಳು.

"ಗೆರೆ ತೋರ್ಸಬೇಡಿ, ಬಿಡಿ. ಮಗೂನ ಕೊಡೋ ಕಾಲ ಬಂದಾಗ ಏಳ್ತೀರಾ?"

"ಹೇಳ್ತೀನಿ. ಬೇರೆ ಯಾರೂ ಅಲ್ಲ, ನಾನೇ ಹೇಳ್ತೀನಿ. ಅಲ್ಲಿ ಗಂಟ ಕೊಡ್ಬೇಡಿ."

ಆ ಮಾತು ಕೊಡುವ ಹಕ್ಕು ಅವನಿಗಿರಲಿಲ್ಲ. ಕೊಟ್ಟ. ಅವಳು ಅದನ್ನು ಮಡಿಲಿಗೆ ಕಟ್ಟಿಕೊಂಡು ಹೋದಳು. ಅಂದಿನಿಂದ ಅತ್ತೆ ಎಷ್ಟು ಸಲ ಹೇಳಿಕಳಿಸಿದರೂ ಅವಳದು ಒಂದೇ ಉತ್ತರ, ಇನ್ನೂ ಟೈಮು ಬಂದಿಲ್ಲ.

ಮುಂದಿನ ಸರದಿಗೆ ಮುಂಚೆ ಅವಳು ಜ್ವರ ಬಂದು ಮಲಗಿದ್ದಳು. ಸರಿಯಾಗಿ ಚೇತರಿಸಿಕೊಳ್ಳುವ ಮೊದಲೇ ಬಂದು ರಕ್ತ ಕೊಟ್ಟಳು. ಮದ್ರಾಸಿನಿಂದ ಬಂದ ಕೌಂಟನ್ನು ರವಿಶಂಕರ್ ಎರಡು ಸಲ ಓದಿದ. ಚುಕ್ಕೆ ತುಂಬಾ ಕೆಳಗೆ ಬಿದ್ದಿತ್ತು.

ಜ್ವರದ ರಕ್ತ, ಇದನ್ನು ಲೆಕ್ಕಕ್ಕೆ ಹಿಡಿಯಬಾರದು, ಅಳಿಸಿಬಿಡೋಣ... ಎಂದುಕೊಂಡು ಬೆರಳು ಕಂಪ್ಯೂಟರಿನ ಕೀಲಿಯ ಮೇಲಿಟ್ಟ. ಆಗ ಅವನಿಗೆ ಹೆದರಿಕೆಯಾಯಿತು. ಹಿಂದೆ ಎಷ್ಟೋ ಜನ ಜ್ವರದಲ್ಲೇ ಬಂದು ರಕ್ತ ಕೊಟ್ಟಿದ್ದರು. ಅವರಲ್ಲಿ ಯಾರ ಚುಕ್ಕೆಯನ್ನೂ ಅವನು ಅಳಿಸಿರಲಿಲ್ಲ. ಇವಳೊಬ್ಬಳಿಗೆ ಮಾತ್ರ ಕೈ ಯಾಕೆ ಹೋಯಿತು?

ಯಾಕೆಂದು ಗೊತ್ತಿತ್ತು. ಪ್ರೀತಿಸುವವನ ಕೈಯಲ್ಲಿ ಲೆಕ್ಕ ನೆಟ್ಟಗೆ ನಿಲ್ಲುವುದಿಲ್ಲ. ಅವಳ ಗೆರೆಯನ್ನು ಇವನು ಎತ್ತಿ ಹಿಡಿದರೆ ನಡುವಿನ ಗೆರೆಯೂ ಸುಳ್ಳು ಹೇಳುತ್ತದೆ. ಅದನ್ನು ನಂಬಿದ ಎಲ್ಲರಿಗೂ ಮೋಸ. ಅವನು ದೊಡ್ಡ ಡಾಕ್ಟರ ಹತ್ತಿರ ಹೋಗಿ, ನಲವತ್ತೊಂದು ನನಗೆ ಬೇಕಾದವರು, ಅವರನ್ನು ಲೆಕ್ಕದಿಂದ ತೆಗೆದುಬಿಡಿ ಎಂದ. ಅವರು ಒಪ್ಪಿದರು.

ಅಲ್ಲಿಗೆ ಅವನು ಮಾಡಿದ್ದು ಸರಿ. ತಪ್ಪು ಮಾಡಿದ್ದು ಆಮೇಲೆ.

ಆ ಆಸ್ಪತ್ರೆಯಲ್ಲಿ ರಕ್ತದ ಟ್ಯೂಬು ನಿಲ್ಲಿಸಲು ಮರದ ಸ್ಟ್ಯಾಂಡ್ ಇತ್ತು. ಒಂದೊಂದು ತೂತಿನ ಕೆಳಗೂ ಬಿಳಿ ಪ್ಲಾಸ್ಟರಿನ ತುಂಡು, ಅದರ ಮೇಲೆ ನಂಬರು. ಯಾರಾದರೂ ಸತ್ತ ಸುದ್ದಿ ಬಂದರೆ ಯಲ್ಲಮ್ಮ ಆ ಪ್ಲಾಸ್ಟರನ್ನು ಕಿತ್ತುಹಾಕುತ್ತಿದ್ದಳು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಪ್ಲಾಸ್ಟರ್ ಹೋಯಿತು ಎಂದರೆ ಆಳು ಹೋಯಿತು ಎಂದು ಬೆಂಚಿನ ಮೇಲೆ ಕುಳಿತವರಿಗೆಲ್ಲ ಗೊತ್ತಿತ್ತು.

ಅಂದು ರವಿಶಂಕರ್, ಲೆಕ್ಕದಿಂದ ಹೋದ ನಂಬರು ಅಲ್ಲೂ ಬೇಡ ಎಂದಷ್ಟೇ ಯೋಚಿಸಿ, ತಾನೇ ಹೋಗಿ ನಲವತ್ತೊಂದರ ಪ್ಲಾಸ್ಟರನ್ನು ಉಗುರಿನಿಂದ ಬಿಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ. ಅವನ ಕಣ್ಣು ತುಂಬಿತ್ತು. ಅದನ್ನು ಯಲ್ಲಮ್ಮ ನೋಡಿದಳು.

ರಾಜಾತಿಗೆ ಎಲ್ಲವನ್ನೂ ಮುಂದಿನ ರಕ್ತದ ದಿನ ಹೇಳೋಣ ಎಂದುಕೊಂಡ. ಪ್ರೀತಿಯನ್ನೂ ಹೇಳೋಣ ಎಂದುಕೊಂಡ. ಪೆನ್ನಾಗರಂ ಬಸ್ಸು ಹತ್ತಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತು. ಹತ್ತಲಿಲ್ಲ. ಓದಿದ ಗಂಡಸರ ಧೈರ್ಯ ಇಷ್ಟೇ ನೋಡಿ, ಇನ್ನೊಬ್ಬರ ಆಯುಷ್ಯ ಎಷ್ಟೆಂದು ಬರೆಯುವ ಕೈ ಬಸ್ಸಿನ ಕಂಬಿ ಹಿಡಿಯಲು ನಡುಗುತ್ತದೆ.

ಆ ದಿನವೂ ಬಂತು. ಬೆಳಗಿನ ರಕ್ತವನ್ನು ಮದ್ರಾಸಿಗೆ ಒಯ್ಯುವವನು ಬರಲಿಲ್ಲವೆಂದು ರವಿಶಂಕರನನ್ನೇ ರೈಲಿಗೆ ಹತ್ತಿಸಿದರು. ಹೋಗುವ ಮುಂಚೆ ಅವನು ಯಲ್ಲಮ್ಮನಿಗೆ ಹೇಳಿ ಹೋದ. ನಲವತ್ತೊಂದು ಬಂದರೆ ನಾಳೆಯ ತನಕ ಕಾಯಲು ಹೇಳು, ನಾನೇ ಹೇಳಬೇಕಾದ ಮಾತೊಂದಿದೆ.

ರಾಜಾತಿ ಬಂದಳು. ಅದೇ ಒಳ್ಳೆಯ ಸೀರೆ. ಅವಳ ಕಣ್ಣು ಎಂದಿನಂತೆ ಸ್ಟ್ಯಾಂಡಿನ ಕಡೆ ಹೋಯಿತು. ನಲವತ್ತರ ಪಕ್ಕದಲ್ಲಿ ಬರಿಯ ಮರವಿತ್ತು.

"ಯಲ್ಲಮ್ಮಕ್ಕಾ, ನಂದು ಎಲ್ಲಿ?"

ಯಲ್ಲಮ್ಮ ಕೆಟ್ಟವಳಲ್ಲ. ಕರುಳಿದ್ದವಳು, ಅದಕ್ಕೇ ಸುಳ್ಳು ಹೇಳಲಾಗಲಿಲ್ಲ.

"ನನ್ ಕಣ್ಣೇ, ಅದನ್ನ ಲೆಕ್ಕದ ಸಾರೇ ಕಿತ್ತಿದ್ದು. ಅಳ್ತಾ ಕಿತ್ತ್ರು. ನಿಂಗೆ ತಾವೇ ಏಳಬೇಕಂತೆ, ನಾಳೆ ಗಂಟ ಇರಕ್ಕೆ ಏಳವ್ರೆ."

ನಾನೇ ಹೇಳ್ತೀನಿ ಅಂದಿದ್ದ. ಪ್ಲಾಸ್ಟರ್ ಕಿತ್ತು ಹೇಳಿಬಿಟ್ಟ... ಇಷ್ಟೇ. ಬೇರೆ ಇನ್ನೇನು ಇದ್ದೀತು? ಕಾಯುವುದು ಯಾತಕ್ಕೆ? ಅವನು ಅಳುವುದನ್ನು ನೋಡಲಿಕ್ಕಾ? ತೊಪ್ಪೂರು ಘಾಟಿಯ ಉದ್ದಕ್ಕೂ ರಾಜಾತಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕುಳಿತಿದ್ದಳು. ತನಗಾಗಿ ಒಬ್ಬ ಅತ್ತನಲ್ಲ ಎಂಬ ಒಂದು ಕೆಟ್ಟ ಸಂತೋಷವೂ ಅವಳಲ್ಲಿತ್ತು. ಅದಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ಮರುದಿನ ಮಗಳಿಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಕಂಬೈನಲ್ಲೂರಿಗೆ ಕರೆದುಕೊಂಡು ಹೋದಳು. ದೊಡ್ಡಮುನಿಯಮ್ಮ ಬಾಗಿಲಲ್ಲೇ ನಿಲ್ಲಿಸಿ ಕಟ್ಟುಪಾಡು ಹೇಳಿದಳು. ಇನ್ನು ಬರಕೂಡದು, ದೂರದಿಂದಲೂ ನೋಡಕೂಡದು. ರಾಜಾತಿ ಆಗಲಿ ಎಂದಳು. ಅಂಗಡಿಗೆ ಹೋಗಿ ಬರುತ್ತೇನೆ ಎಂದು ಮಗುವಿಗೆ ಹೇಳಿದಳು. ಜೀವಿತಾ ಲಾಳಿ ಎಳೆದುಕೊಂಡು ಅಂಗಳದಲ್ಲಿ ಓಡುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

ಮದ್ರಾಸಿನಿಂದ ಬಂದ ರವಿಶಂಕರನಿಗೆ ಯಲ್ಲಮ್ಮ, ಅವಳು ಪ್ಲಾಸ್ಟರ್ ಇಲ್ಲದ್ದು ನೋಡಿ ಹೊರಟುಹೋದಳು ಎಂದಷ್ಟೇ ಹೇಳಿದಳು. ಕೇಳದೆ ತೆಗೆದುಹಾಕಿದೆನೆಂದು ಸಿಟ್ಟಾಗಿದ್ದಾಳೆ ಎಂದುಕೊಂಡ. ಸಿಟ್ಟು ಇಳಿಯಲಿ ಎಂದು ಕಾದ. ಮೂರು ತಿಂಗಳಾಯಿತು. ಮುಂದಿನ ಸರದಿಗೂ ಅವಳು ಬರಲಿಲ್ಲ.

ಬಾರದೆ ನಿಂತವರ ಗೆರೆ ಏನಾಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಷ್ಟು ಗೆರೆಗಳನ್ನು ಅವನೇ ಅಲ್ಲಿಗೆ ನಿಲ್ಲಿಸಿದ್ದ! ಯಲ್ಲಮ್ಮನನ್ನು ಕೂರಿಸಿ ಕೇಳಿದಾಗ, ಅವಳು ಅಂದು ಆಡಿದ ಮಾತುಗಳನ್ನೆಲ್ಲ ಹೇಳಿ ಅತ್ತಳು. ಅವನು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ರಾಜಾತಿ ಕೋಣೆಯ ಮುಂದೆ ಹುಣಸೆಹಣ್ಣು ಜಜ್ಜುತ್ತ ಕುಳಿತಿದ್ದಳು. ಅವಳನ್ನು ಕಂಡು ಅವನು ದಾರಿಯಲ್ಲೇ ನಿಂತ. ಬದುಕಿದ್ದಳು. ಮೈ ಕೂಡ ಸ್ವಲ್ಪ ತುಂಬಿಕೊಂಡಿತ್ತು.

"ಇನ್ನೂ ಓಗಿಲ್ಲ ಸಾರ್," ಎಂದಳು ತಲೆ ಎತ್ತದೆ. "ನಿಮ್ಮ ಲೆಕ್ಕ ಯಾಕೋ ತಪ್ಪೈತೆ."

ಮನೆಯೊಳಗೆ ಮಗುವಿನ ಸದ್ದಿರಲಿಲ್ಲ. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಪುಟ್ಟ ಲಂಗ ಇರಲಿಲ್ಲ. ಅವನಿಗೆ ಅರ್ಥವಾಯಿತು. ಅಲ್ಲೇ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಜ್ವರದ ಚುಕ್ಕೆ, ಕೀಲಿಯ ಮೇಲೆ ಹೋದ ಬೆರಳು, ಡಾಕ್ಟರಿಗೆ ಆಡಿದ ಮಾತು.

"ನಿಮ್ಮ ಟೈಮ್ ಬಂದಿರ್ಲಿಲ್ಲ. ನಿಮ್ಮ ಮೇಲೆ ಮನಸ್ಸಾಯ್ತು ನಂಗೆ, ಅದಕ್ಕೆ ನಿಮ್ಮ ಲೆಕ್ಕ ನನ್ನ ಕೈಲಿ ಆಗ್ಲಿಲ್ಲ. ಅಷ್ಟೇ."

ರಾಜಾತಿಯ ಕೈಯ ಕಲ್ಲು ನಿಂತಿತು. ಇಷ್ಟು ದಿನ ಕಾದಿದ್ದ ಮಾತು ಇದು. ಒಳ್ಳೆಯ ಸೀರೆ ಉಟ್ಟು, ಬಸ್ಸಿನಲ್ಲಿ ಕುಳಿತು, ಒಂದು ಸಲ ಕೇಳಿ ಸಾಯೋಣ ಎಂದು ಆಸೆಪಟ್ಟ ಮಾತು. ಈಗ ಕೇಳಿದರೆ ಬಂದದ್ದು ಸಿಟ್ಟು.

"ಮನಸ್ಸಾಯ್ತಾ?" ಎಂದಳು. "ಮನಸ್ಸಾದೋನು ಬಾಯಿಬಿಟ್ಟು ಏಳ್ಬೇಕಿತ್ತು. ನೀನು ಏಳ್ತೀಯಾ ಅಂತ ನಂಬ್ಕೊಂಡು ಕೂತಿದ್ದೆನಲ್ಲ. ಕೂಸನ್ನ ಕೊಟ್ಬಿಟ್ಟೆನಲ್ಲ."

ನೀವು ಹೋಗಿ ನೀನು ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅವಳು ಅಳಲಿಲ್ಲ. ಎದ್ದು ಕೈ ತೊಳೆದಳು. ಕಂಬೈನಲ್ಲೂರಿಗೆ ನಡೆ ಎಂದಳು.

ದೊಡ್ಡಮುನಿಯಮ್ಮ ಬೈಯುತ್ತಾಳೆ, ಕಲ್ಲು ಎಸೆಯುತ್ತಾಳೆ ಎಂದು ಇಬ್ಬರೂ ಎಣಿಸಿದ್ದರು. ಮುದುಕಿ ಅದೇನನ್ನೂ ಮಾಡಲಿಲ್ಲ. ಸೊಸೆಯನ್ನು ಬೇಲಿಯ ಈಚೆಗೆ ಕರೆದು, ದನಿ ತಗ್ಗಿಸಿದಳು.

"ನಿಮ್ಮವ್ವ ಸತ್ತೋದ್ಲು ಅಂತ ಕೂಸಿಗೆ ಏಳಿಬಿಟ್ಟೆ ಕಣೇ. ಕೂಸು ಊಟ ಬಿಟ್ಟು ಅತ್ತು ಜ್ವರ ಬಂದು ಮಲಗ್ತು. ಈಗೀಗ ಎದ್ದು ಆಡ್ತೈತೆ. ಇವತ್ತು ನಿನ್ನ ತೋರ್ಸಿದ್ರೆ ನೀನು ನಿಜವಾಗಿ ಓದ ದಿನ ಇನ್ನೊಂದು ಸಲ ಅಳ್ಬೇಕು ಅದು. ಒಂದೇ ತಾಯಿಗೆ ಎರಡು ಸಲ ಅಳ್ಸೋದಾ? ನೀನೇ ಏಳು, ಕರೀತೀನಿ."

ಬೇಲಿಯ ಸಂದಿನಿಂದ ಕಾಣುತ್ತಿತ್ತು. ಜೀವಿತಾ ಲಾಳಿಯಲ್ಲಿ ಮಣ್ಣು ತುಂಬಿಸಿ, ಅಂಗಳದ ಈ ಕೊನೆಯಿಂದ ಆ ಕೊನೆಗೆ ಎಳೆಯುತ್ತಿದ್ದಳು. ಜಡೆ ಒಂದೇ ಇತ್ತು. ಮುಖ ದುಂಡಗಾಗಿತ್ತು.

ರಾಜಾತಿ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯಲ್ಲಿತ್ತು. ಕರೆದಿದ್ದರೆ ಮಗು ಓಡಿ ಬರುತ್ತಿತ್ತು... ಅವಳು ಕರೆಯಲಿಲ್ಲ. ಬೇಡ ಎಂದು ಅತ್ತೆಗೆ ತಲೆಯಾಡಿಸಿದಳು. ಮುದುಕಿ ಸೊಸೆಯ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು, ಮಗ ಸತ್ತಾಗಿನಿಂದ ಮೊದಲ ಸಲ.

ಧರ್ಮಪುರಿ ಬಸ್‌ಸ್ಟ್ಯಾಂಡಿನ ಸಿಮೆಂಟು ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಸೇಲಂ ಬಸ್ಸು ಒಂದು ಕಡೆ, ಪೆನ್ನಾಗರಂ ಬಸ್ಸು ಇನ್ನೊಂದು ಕಡೆ ನಿಂತಿದ್ದವು. ಅವಳೇ ಮಾತು ತೆಗೆದಳು.

"ಈಗ್ಲಾದ್ರೂ ಏಳು. ನಂದು ಎಷ್ಟು?"

ಅವನು ಈ ಸಲ ತಪ್ಪಿಸಿಕೊಳ್ಳಲಿಲ್ಲ. ಗೆರೆ ಅನ್ನೋದು ದಾರದ ಹಾಗೆ ಸಣ್ಣಗಿರಲ್ಲ, ಸೆರಗಿನಷ್ಟು ಅಗಲ ಇರುತ್ತೆ, ಆ ಅಗಲದಲ್ಲಿ ಎಲ್ಲಿ ಬೇಕಾದರೂ ನೀನಿರಬಹುದು ಎಂದ. ಎರಡು ವರ್ಷವೂ ಆಗಬಹುದು, ಏಳೂ ಆಗಬಹುದು. ನಡುವೆ ಹಿಡಿದರೆ ನಾಲ್ಕು, ಐದು.

"ಐದು ವರ್ಷ," ಎಂದಳು ರಾಜಾತಿ. "ಅಷ್ಟೊತ್ತಿಗೆ ಅವಳು ಅನ್ನ ಬಸಿಯೋದು ಕಲ್ತಿರೋಳು."

ಆಗ ಅತ್ತಳು. ಸುತ್ತ ಜನ ನೋಡುತ್ತಿದ್ದರು. ರವಿಶಂಕರ್ ಅವಳ ಕೈ ಹಿಡಿದುಕೊಂಡು ಕುಳಿತ. ಕ್ಷಮಿಸು ಎನ್ನಲಿಲ್ಲ, ಆ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

ಅಳು ನಿಂತ ಮೇಲೆ ಅವನು ಹೇಳಿದ. ಮನೆಯಲ್ಲಿ ಅವಳ ವಿಷಯ ಹೇಳಿದ್ದಾನಂತೆ, ಅಮ್ಮ ಅಂದಿನಿಂದ ಮಾತು ಬಿಟ್ಟಿದ್ದಾರಂತೆ. ಆಸ್ಪತ್ರೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು. ಬರ್ತೀಯಾ?

"ನನ್ನತ್ರ ಇರೋದು ಬರೀ ಕಹಿ," ಎಂದಳು. "ನಿನ್ನ ಕಂಡಾಗೆಲ್ಲಾ ಆ ಪ್ಲಾಸ್ಟರ್ ನೆಪ್ಪಾಗ್ತೈತೆ. ಬೈತೀನಿ. ಬೈಸ್ಕೊಂಡು ಇರ್ತೀಯಾ?"

"ಇರ್ತೀನಿ."

"ನನ್ನ ಲೆಕ್ಕಕ್ಕೆ ವಾಪಸ್ ಸೇರ್ಸು. ನೀನು ಹಾಕ್ಬೇಡ, ಬೇರೆಯೋರ ಕೈಲಿ ಹಾಕ್ಸು. ನನ್ನಂಗೇ ಇನ್ನೊಬ್ಳು ಬಂದು ಕೂಸನ್ನ ಮಡಿಕ್ಕೊಳ್ಳಲಾ ಅಂತ ಕೇಳ್ತಾಳೆ. ಅವಳಿಗಾದ್ರೂ ನಿಜ ಏಳಿ."

ಅವನು ಅಂಗಿಯ ಜೇಬಿನಿಂದ ಪ್ಲಾಸ್ಟರಿನ ತುಂಡನ್ನು ತೆಗೆದ. ಇಷ್ಟು ದಿನವೂ ಅಂಗಿಯಿಂದ ಅಂಗಿಗೆ ಹಾಕಿಕೊಂಡು ಬಂದಿದ್ದ. ಅಂಟು ಒಣಗಿ, ದಾರ ಬಿಟ್ಟಿತ್ತು. ಅವಳು ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದು ಇನ್ನು ಅಂಟಲ್ಲ."

"ಹೊಸದು ಬರೀತೀನಿ. ಈ ಸಲ ನಿನ್ನ ಹೆಸರೇ ಬರೀಲಾ?"

"ಬ್ಯಾಡ, ನಂಬರೇ ಬರಿ," ಎಂದಳು. ತುಂಡನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ಮತ್ತೆ ಹೇಳಿದಳು. "ಹೆಸರು ನೀನು ಕರಿಯೋಕಿರ್ಲಿ. ಇನ್ನು ನನ್ನ ಆ ಹೆಸರಿಡಿದು ಕರಿಯೋರು ಯಾರವ್ರೆ?"

ಸೇಲಂ ಬಸ್ಸಿನ ಡ್ರೈವರ್ ಹಾರನ್ ಹೊಡೆದ. ರವಿಶಂಕರ್ ಎದ್ದು ನಿಂತು ಕೈ ಚಾಚಿದ.

"ರಾಜಾತಿ..."

"ಉಂ," ಎಂದು ಅವಳು ಕೈ ಹಿಡಿದು ಎದ್ದಳು. "ಕಿಟಕಿ ಪಕ್ಕ ನಂಗೆ."